ಹಳೆಯ ಏರ್ ಇಂಡಿಯಾ ಸಾಮಾನು ಯಾವ ಕಾಲದ್ದು? ಲೋಗೋ ನೋಡಿ ಹೇಳುವುದು ಹೀಗೆ

ಮುಂಬೈಯಲ್ಲಿರುವ ನಮ್ಮ ಉಡುಪಿ ಕಡೆಯವರ ಹಳೆಯ ಮನೆಗಳಲ್ಲಿ ಲಾಫ್ಟ್ ಮೇಲೆ ಕೈ ಹಾಕಿದರೆ ಒಂದು ಏರ್ ಬ್ಯಾಗ್ ಸಿಗುತ್ತದೆ. ಊರಿಗೆ ಹೋಗುವ ಚೀಲ ಯಾವುದೇ ಇರಲಿ, ನಾವು ಅದಕ್ಕೆ ಏರ್ ಬ್ಯಾಗ್ ಅಂತಲೇ ಹೇಳುತ್ತಿದ್ದೆವು. ಆದರೆ ನಾನು ಹೇಳುತ್ತಿರುವುದು ನಿಜವಾಗಿ ವಿಮಾನ ಕಂಪನಿಯವರು ಪ್ರಯಾಣಿಕರಿಗೆ ಕೊಡುತ್ತಿದ್ದ, ಮೇಲೆ ಹೆಸರು ಅಚ್ಚು ಹಾಕಿದ ಚೀಲ. ಮಾಟುಂಗಾದ ನಮ್ಮ ದೊಡ್ಡಮ್ಮನ ಮನೆಯಲ್ಲಿ ಅಂಥದ್ದೊಂದಿದೆ. ದೊಡ್ಡಪ್ಪ 1959ರಲ್ಲಿ ಮೊದಲ ಸಲ ನೈರೋಬಿಗೆ ಹೋದಾಗ ಸಿಕ್ಕಿದ್ದು ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಕೆಲವು ವರ್ಷದ ಹಿಂದೆ ದೀಪಾವಳಿಗೆ ಮನೆ ಗುಡಿಸುವಾಗ ಅದನ್ನು ಕೆಳಗಿಳಿಸಿ ನೋಡಿದೆ. ಏನೋ ಲೆಕ್ಕ ಸರಿಯಾಗುತ್ತಿಲ್ಲ ಅನ್ನಿಸಿತು.

ಅಲ್ಲಿಂದ ಶುರುವಾದ ಹುಚ್ಚು ಇದು. ಈಗ ನೆಂಟರು, ಬಿಲ್ಡಿಂಗಿನವರು, ಡೊಂಬಿವಲಿಯ ಗೆಳೆಯರು ಹಳೆಯ ಟಿಕೆಟ್ ಕವರು, ಟೈಮ್‌ಟೇಬಲು, ಬೀಸಣಿಗೆ, ಇಸ್ಪೀಟು ಎಲೆ, ಏನು ಸಿಕ್ಕಿದರೂ ಫೋಟೋ ಕಳಿಸಿ "ಇದು ಎಷ್ಟು ಹಳೇದು?" ಅಂತ ಕೇಳುತ್ತಾರೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ನಾನು ನೋಡುವ ರೀತಿಯನ್ನೇ ಇಲ್ಲಿ ಬರೆದುಬಿಡುತ್ತೇನೆ. ನೀವೇ ನೋಡಿಕೊಳ್ಳಬಹುದು.

ಮೊದಲು ಚಿತ್ರ ನೋಡಬೇಡಿ, ಅಕ್ಷರ ಓದಿ. ಲೋಗೋ ಅಂದಕೂಡಲೇ ಎಲ್ಲರ ಕಣ್ಣೂ ಚಿತ್ರಕ್ಕೇ ಹೋಗುತ್ತದೆ. ಆದರೆ ಏರ್ ಇಂಡಿಯಾದ ಮುಖ್ಯ ಚಿತ್ರ ಸುಮಾರು 60 ವರ್ಷ ಒಂದೇ ಇತ್ತು, ಅದರಿಂದ ಕಾಲ ಹಿಡಿಯುವುದು ಕಷ್ಟ. ಹೆಸರು ಮಾತ್ರ ನಡುನಡುವೆ ಬದಲಾಗುತ್ತಾ ಬಂತು.

1932ರಲ್ಲಿ ಶುರುವಾದಾಗ ಅದು ಟಾಟಾದವರ ಅಂಚೆ ವಿಮಾನ. ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರೇ ಕರಾಚಿಯಿಂದ ಪಸ್ ಮಾತ್ ಅನ್ನುವ ಪುಟ್ಟ ವಿಮಾನ ನಡೆಸಿಕೊಂಡು, ಅಹಮದಾಬಾದಿನಲ್ಲಿ ಇಳಿದು, ಮುಂಬೈಯ ಜುಹುಗೆ ಬಂದರು. ಅಲ್ಲಿಂದ ಅಂಚೆಯನ್ನು ಅವರ ಜೊತೆಗಾರ ಪೈಲಟ್ ನೆವಿಲ್ ವಿನ್ಸೆಂಟ್ ಮದ್ರಾಸಿಗೆ ಒಯ್ದರು, ದಾರಿಯಲ್ಲಿ ಇಳಿದ ಊರು ಯಾವುದು ಗೊತ್ತಾ? ನಮ್ಮ ಬಳ್ಳಾರಿ. ಈ ಮಾತನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ, ಹೇಳಿದಾಗಲೆಲ್ಲ ಖುಷಿಯಾಗುತ್ತದೆ. ಆಮೇಲೆ ಟಾಟಾ ಏರ್‌ಲೈನ್ಸ್ ಆಯಿತು. 1946ರ ಜುಲೈಯಲ್ಲಿ ಅದೇ ಕಂಪನಿ ಏರ್ ಇಂಡಿಯಾ ಲಿಮಿಟೆಡ್ ಆಯಿತು. ವಿದೇಶಕ್ಕೆ ಹಾರಲು 1948ರಲ್ಲಿ ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಅನ್ನುವ ಬೇರೆ ಕಂಪನಿ ಬಂತು. 1953ರಲ್ಲಿ ಸರ್ಕಾರ ಎಲ್ಲವನ್ನೂ ತೆಗೆದುಕೊಂಡು, ದೇಶದೊಳಗಿನ ಹಾರಾಟವನ್ನು ಇಂಡಿಯನ್ ಏರ್‌ಲೈನ್ಸಿಗೂ ಹೊರಗಿನದನ್ನು ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ಗೂ ಕೊಟ್ಟಿತು. 1962ರಲ್ಲಿ "ಇಂಟರ್‌ನ್ಯಾಷನಲ್" ಅನ್ನುವ ಬಾಲ ಬಿಟ್ಟು ಬರೀ ಏರ್ ಇಂಡಿಯಾ ಅಂತಾಯಿತು.

ಹಾಗಾಗಿ ನಿಮ್ಮ ಕೈಯಲ್ಲಿರುವ ವಸ್ತುವಿನ ಮೇಲೆ "ಇಂಟರ್‌ನ್ಯಾಷನಲ್" ಇದ್ದರೆ ಅದು 1948ರಿಂದ 1962ರ ನಡುವಿನದು. ಬರೀ "ಏರ್ ಇಂಡಿಯಾ" ಇದ್ದು, ಪಟ್ಟಿಯಲ್ಲಿ ಲಂಡನ್ನು, ನ್ಯೂಯಾರ್ಕು ಅಂತ ಪರದೇಶದ ಊರುಗಳಿದ್ದರೆ 1962ರ ನಂತರದ್ದು. "ಲಿಮಿಟೆಡ್" ಅಂತ ಇದ್ದರೆ ಸ್ವಲ್ಪ ಜಾಗ್ರತೆ: ಅದು 1946ರಿಂದ 1953ರೊಳಗಿನದ್ದು, ಇಲ್ಲವೇ 1994ರ ನಂತರದ್ದು, ಯಾಕೆಂದರೆ ನಡುವೆ 40 ವರ್ಷ ಅದು ಕಾರ್ಪೊರೇಷನ್ ಆಗಿತ್ತು. ಕಾಗದದ ಗುಣ ನೋಡಿದರೇ ಈ ಎರಡರಲ್ಲಿ ಯಾವುದು ಅಂತ ಮಗುವೂ ಹೇಳುತ್ತದೆ. ಇನ್ನೊಂದು ಸಣ್ಣ ಗುರುತು, ಜನ ಗಮನಿಸುವುದೇ ಇಲ್ಲ. ಹಿಂದೆ ಇಂಗ್ಲಿಷಿನಲ್ಲಿ ಬರೆಯುವಾಗ "ಏರ್" ಮತ್ತು "ಇಂಡಿಯಾ" ನಡುವೆ ಒಂದು ಅಡ್ಡಗೆರೆ ಹಾಕುತ್ತಿದ್ದರು. ಆ ಗೆರೆ ಇದ್ದರೆ 2007ರ ಹೊಸ ಲೋಗೋಕ್ಕಿಂತ ಹಿಂದಿನದು.

ಎರಡನೆಯದು ವಿಳಾಸ. ಇದು ನನಗೆ ತುಂಬಾ ಇಷ್ಟ, ಯಾಕೆಂದರೆ ಇದರಲ್ಲಿ ಮುಂಬೈ ಶಹರದ ಕಥೆಯೇ ಇದೆ. ಹಿಂಬದಿಯಲ್ಲಿ, ಕೆಳಗಡೆ, ಸಣ್ಣ ಅಕ್ಷರದಲ್ಲಿ ಆಫೀಸಿನ ವಿಳಾಸ ಹಾಕಿರುತ್ತಾರೆ. "ಬಾಂಬೆ 1", "ಬಾಂಬೆ 20" ಅಂತ ಒಂದೋ ಎರಡೋ ಅಂಕಿ ಮಾತ್ರ ಇದ್ದರೆ ಪಿನ್ ಕೋಡ್ ಬರುವುದಕ್ಕೆ ಮೊದಲಿನದು. ಆರಂಕಿಯ ಪಿನ್ ಕೋಡ್ ಶುರುವಾದದ್ದು 1972ರ ಆಗಸ್ಟ್ 15ರಂದು. 400 021 ಅಂತ ಇದ್ದು ನರಿಮನ್ ಪಾಯಿಂಟಿನ ಏರ್ ಇಂಡಿಯಾ ಬಿಲ್ಡಿಂಗಿನ ಹೆಸರಿದ್ದರೆ 1974ರ ಆಸುಪಾಸು ಅಥವಾ ಆಮೇಲೆ, ಯಾಕೆಂದರೆ ಆ 23 ಮಹಡಿಯ ಕಟ್ಟಡ ಪೂರ್ತಿಯಾದದ್ದೇ 1974ರಲ್ಲಿ. "ಬಾಂಬೆ" ಹೋಗಿ "ಮುಂಬೈ" ಆಗಿದ್ದರೆ 1995ರ ನಂತರ. ಮುಖ್ಯ ಕಚೇರಿ ಅಂತ ದೆಹಲಿ ವಿಳಾಸ ಇದ್ದರೆ 2013ರ ನಂತರ, ಕಚೇರಿಯನ್ನು ಆಗ ಅಲ್ಲಿಗೆ ಒಯ್ದರು. ನೋಡಿ, ಚಿತ್ರದ ಕಡೆ ಕಣ್ಣು ಹಾಯಿಸುವ ಮುಂಚೆಯೇ ಹತ್ತು ಹದಿನೈದು ವರ್ಷದ ಅಂತರಕ್ಕೆ ಬಂದು ನಿಂತೆವು.

ಲಗೇಜ್ ಚೀಟಿಯಲ್ಲಿ ಬಿಓಎಂ ಅಂತ ಮೂರು ಅಕ್ಷರ ನೋಡಿ "ಬಾಂಬೆ ಇದೆ, ಹಳೇದೇ" ಅನ್ನುವವರು ಜಾಸ್ತಿ. ಅದು ಹಾಗಲ್ಲ. ವಿಮಾನ ನಿಲ್ದಾಣದ ಆ ಗುರುತು ಇವತ್ತಿಗೂ ಅದೇ, ಕಳೆದ ವಾರ ನೀವು ಮಂಗಳೂರಿಂದ ಬಂದ ಚೀಟಿಯಲ್ಲೂ ಅದೇ ಇರುತ್ತದೆ. ಹಾಗೇ ವಿಮಾನದ ನಂಬರಿನ ಮುಂದೆ ಎಐ ಬದಲು ಐಸಿ ಇದ್ದರೆ ಅದು ಇಂಡಿಯನ್ ಏರ್‌ಲೈನ್ಸಿನ ಗುರುತು, 2011ರ ತನಕ ನಡೆಯಿತು.

ಈಗ ಚಿತ್ರಕ್ಕೆ ಬರೋಣ. ಅದಕ್ಕೂ ಮೊದಲು ಮಹಾರಾಜನನ್ನು ಪಕ್ಕಕ್ಕೆ ಕೂರಿಸಿ. ದಪ್ಪ ಮೀಸೆ, ಚೂಪು ಮೂಗು, ಪಟ್ಟೆಪಟ್ಟೆ ಪೇಟ, ಬಾಗಿ ನಮಸ್ಕಾರ ಮಾಡುವ ಆ ಮಹಾರಾಜ ಲೋಗೋ ಅಲ್ಲ. ಅವನು ಕಂಪನಿಯ ಮುಖ, ಜಾಹೀರಾತಿನ ಪಾತ್ರ. ಏರ್ ಇಂಡಿಯಾದ ಬಾಬಿ ಕೂಕಾ ಮತ್ತು ಜೆ. ವಾಲ್ಟರ್ ಥಾಂಪ್ಸನ್ ಜಾಹೀರಾತು ಕಂಪನಿಯ ಕಲಾವಿದ ಉಮೇಶ್ ರಾವ್ ಸೇರಿ 1946ರಲ್ಲಿ ಅವನನ್ನು ಹುಟ್ಟಿಸಿದರು, ಇದೇ ಮುಂಬೈಯಲ್ಲಿ. ಮೊದಲು ಬರೀ ಬರೆಯುವ ಪ್ಯಾಡಿನ ಮೇಲೆ ಇದ್ದವನು ಆಮೇಲೆ ಪೋಸ್ಟರು, ಕ್ಯಾಲೆಂಡರು ಎಲ್ಲ ಕಡೆ ಬಂದ. ಲೋಗೋ ಎಷ್ಟು ಸಲ ಬದಲಾದರೂ ಅವನು ಹೋಗಲಿಲ್ಲ. ಹಾಗಾಗಿ ಮಹಾರಾಜ ಇದ್ದಾನೆ ಅನ್ನುವುದರಿಂದ ವರ್ಷ ಗೊತ್ತಾಗುವುದಿಲ್ಲ. ಅವನು ಎಲ್ಲಿ ನಿಂತಿದ್ದಾನೆ, ಯಾವ ಊರಿನ ವೇಷ ಹಾಕಿದ್ದಾನೆ ನೋಡಿ. ನ್ಯೂಯಾರ್ಕಿನಲ್ಲಿದ್ದರೆ ಏರ್ ಇಂಡಿಯಾ ಅಲ್ಲಿಗೆ ಹಾರಲು ಶುರುಮಾಡಿದ 1960ರ ನಂತರದ ಪೋಸ್ಟರ್ ಅಂತ ತಿಳಿಯಬಹುದು.

ನಿಜವಾದ ಲೋಗೋ ಧನು ರಾಶಿ. ಅರ್ಧ ಮನುಷ್ಯ, ಅರ್ಧ ಕುದುರೆ, ಬಿಲ್ಲು ಎಳೆದು ನಿಂತಿದ್ದಾನೆ, ಸುತ್ತ ಒಂದು ವೃತ್ತ. ಇಂಗ್ಲಿಷಿನಲ್ಲಿ ಸೆಂಟಾರ್ ಅನ್ನುತ್ತಾರೆ. ಮನೆಯ ಪಂಚಾಂಗ ತೆಗೆದು ಧನು ರಾಶಿಯ ಚಿತ್ರ ನೋಡಿ, ಅದರ ಪಕ್ಕ ಈ ಲೋಗೋ ಇಡಿ. ಪಂಚಾಂಗದಲ್ಲಿ ಕೂದಲು, ಬಾಲ, ಕಣ್ಣು ಎಲ್ಲ ಬಿಡಿಸಿರುತ್ತಾರೆ. ಇಲ್ಲಿ ಅದನ್ನೆಲ್ಲ ತೆಗೆದುಹಾಕಿ ಬರೀ ಚಲನೆ ಉಳಿಸಿಕೊಂಡಿದ್ದಾರೆ. ಬೆರಳುಗುರಿನಷ್ಟು ಸಣ್ಣದಾಗಿ ಗುಂಡಿಯ ಮೇಲೆ ಹಾಕಿದರೂ ಗುರುತು ಸಿಗುತ್ತದೆ, ಬಿಲ್ಡಿಂಗಿನ ನೆತ್ತಿ ಮೇಲೆ ಹಾಕಿದರೂ ಗುರುತು ಸಿಗುತ್ತದೆ. ಚಿಕ್ಕವನಿದ್ದಾಗ ಅಪ್ಪನ ಜೊತೆ ಚರ್ಚ್‌ಗೇಟಿನಲ್ಲಿ ಇಳಿದು ಮರೀನ್ ಡ್ರೈವ್ ಕಡೆ ನಡೆದರೆ ನರಿಮನ್ ಪಾಯಿಂಟಿನ ಆ ಕಟ್ಟಡದ ಮೇಲೆ ಇವನು ಕಾಣುತ್ತಿದ್ದ. ನನಗಂತೂ ಸಮುದ್ರಕ್ಕಿಂತ ಅವನನ್ನು ನೋಡುವುದೇ ದೊಡ್ಡದಾಗಿತ್ತು. ಜುಹುವಿನಲ್ಲೂ ಏರ್‌ಪೋರ್ಟಿನ ಹತ್ತಿರವೂ ಇದ್ದ ಸೆಂಟಾರ್ ಹೋಟೆಲುಗಳು ಏರ್ ಇಂಡಿಯಾದ ಅಂಗಸಂಸ್ಥೆಯವೇ, ಹೆಸರು ಈ ಬಿಲ್ಲುಗಾರನದ್ದೇ.

ಇವನು 1948ರಿಂದ 2007ರ ತನಕ ಇದ್ದ. ಅಷ್ಟು ದೊಡ್ಡ ಅವಧಿಯೊಳಗೆ ಕಾಲ ಹಿಡಿಯಲು ಅವನ ಜೊತೆಗಿರುವ ವಿಮಾನ ನೋಡಿ. ರೆಕ್ಕೆಯಲ್ಲಿ ನಾಲ್ಕು ಪಂಖ, ಹಿಂದೆ ಮೂರು ಬಾಲ ಇದ್ದರೆ ಅದು ಕಾನ್ಸ್ಟೆಲೇಷನ್. 1948ರ ಜೂನ್ 8ರಂದು ಮುಂಬೈಯಿಂದ ಕೈರೋ, ಜಿನೀವಾ ಮೇಲೆ ಲಂಡನ್ನಿಗೆ ಹೋದ ಮಲಬಾರ್ ಪ್ರಿನ್ಸೆಸ್ ಆ ಜಾತಿಯದ್ದು. ಪಂಖ ಇಲ್ಲದೆ ನಾಲ್ಕು ಜೆಟ್ ಎಂಜಿನ್ ಇದ್ದು ಮೈ ಸಪೂರವಾಗಿದ್ದರೆ ಬೋಯಿಂಗ್ 707, ಅಂದರೆ 1960ರ ನಂತರ. ತಲೆಯ ಮೇಲೆ ಗೂನು ಇದ್ದರೆ ಜಂಬೋ, ಅಂದರೆ ಬೋಯಿಂಗ್ 747, 1971ರ ನಂತರ.

ಈ ಜಂಬೋ ಹತ್ತಿರ ಸ್ವಲ್ಪ ನಿಲ್ಲಬೇಕು, ಇಡೀ ಕಥೆಯ ಬೀಗದ ಕೈ ಇಲ್ಲೇ ಇದೆ. ಮೊದಲ ಜಂಬೋ ಬಂದಾಗ ಅದಕ್ಕೆ ಎಂಪರರ್ ಅಶೋಕ ಅಂತ ಹೆಸರಿಟ್ಟು, ಪ್ರತಿ ಕಿಟಕಿಯ ಸುತ್ತಲೂ ಕೆಂಪು ಬಣ್ಣದಲ್ಲಿ ರಾಜಸ್ಥಾನದ ಅರಮನೆಯ ಝರೋಕಾದಂತೆ (ಕೆತ್ತನೆಯ ಕಿಟಕಿಯಂತೆ) ಕಮಾನು ಬಿಡಿಸಿದರು. ಆಕಾಶದ ಅರಮನೆ ಅನ್ನುವುದು ಆಗಿನ ಜಾಹೀರಾತು. ಕಮಾನು ಲೋಗೋ ಆಗಿರಲಿಲ್ಲ, ಬರೀ ಅಲಂಕಾರ. ಆದರೆ ಜನರ ಮನಸ್ಸಿನಲ್ಲಿ ಕೂತದ್ದು ಅದೇ. ದೂರದಿಂದ ನೋಡಿದರೆ ಬಿಲ್ಲುಗಾರ ಕಾಣದಿದ್ದರೂ ಕೆಂಪು ಕಿಟಕಿಗಳ ಸಾಲು ಕಾಣುತ್ತಿತ್ತು. ನಿಮ್ಮ ಹತ್ತಿರ ಜಂಬೋದ ಪೋಸ್ಟ್ ಕಾರ್ಡ್ ಇದ್ದರೆ ಭೂತಕನ್ನಡಿ ಹಿಡಿದು ವಿಮಾನದ ನೋಂದಣಿ ಅಕ್ಷರ ಓದಿ. ವಿಟಿ-ಇಬಿಡಿ ಅಂತ ಇದ್ದರೆ ಅದು ಎಂಪರರ್ ಅಶೋಕನೇ. 1978ರ ಜನವರಿ 1ರ ರಾತ್ರಿ ಆ ವಿಮಾನ ಬಾಂದ್ರಾ ಎದುರಿನ ಸಮುದ್ರಕ್ಕೆ ಬಿದ್ದು, ಒಳಗಿದ್ದ 213 ಜನರೂ ತೀರಿಕೊಂಡರು. ಆದ್ದರಿಂದ ಆ ಫೋಟೋ 1971ರಿಂದ 1977ರೊಳಗೆ ತೆಗೆದದ್ದು. ಇಂಥ ಕಾರ್ಡನ್ನು ಮಾರುವವರು ತಮಾಷೆ ಮಾಡಿಕೊಂಡು ಬೆಲೆ ಏರಿಸುವುದು ನನಗೆ ಇಷ್ಟವಾಗುವುದಿಲ್ಲ.

1953ರಲ್ಲಿ ಮಾಲೀಕರೇ ಬದಲಾದರಲ್ಲ, ಆಗ ಯಾಕೆ ಲೋಗೋ ಬದಲಾಗಲಿಲ್ಲ ಅಂತ ನೀವು ಕೇಳಬಹುದು. ನಾನೂ ತುಂಬಾ ಯೋಚನೆ ಮಾಡಿದ್ದೇನೆ. ನನ್ನ ಪ್ರಕಾರ ಕಾಗದದಲ್ಲಿ ಮಾಲೀಕ ಸರ್ಕಾರವಾದರೂ ಮನೆ ನಡೆಸುವವರು ಅವರೇ ಇದ್ದರು: 1978ರ ತನಕ ಜೆ.ಆರ್.ಡಿ.ಯವರೇ ಅಧ್ಯಕ್ಷರು. ನಡೆಸುವ ಕೈ ಬದಲಾಗದಿದ್ದರೆ ಗುರುತು ಬದಲಾಯಿಸುವ ಅಗತ್ಯ ಬರುವುದಿಲ್ಲ. ಆಮೇಲೆ 1989ರಲ್ಲಿ ಲ್ಯಾಂಡರ್ ಅನ್ನುವ ವಿದೇಶಿ ವಿನ್ಯಾಸ ಕಂಪನಿಯಿಂದ ಹೊಸ ಬಣ್ಣ ಹಾಕಿಸಿದರು, ಕಡುಗೆಂಪು ಬಾಲದ ಮೇಲೆ ಚಿನ್ನದ ಬಣ್ಣದ ಚಕ್ರ, ಮೈಯೆಲ್ಲ ಬಿಳಿ. ಝರೋಕಾ ಮಾಯ. ಜನ ಒಪ್ಪಲಿಲ್ಲ. ಸುಮಾರು ಎರಡು ವರ್ಷಕ್ಕೇ ಹಳೆಯ ಕಿಟಕಿಗಳು ವಾಪಸ್ ಬಂದವು. ಕಂಪನಿಯಲ್ಲಿ ಬೇರೇನೂ ಬದಲಾಗದೆ ಸುಮ್ನೆ ಬಟ್ಟೆ ಬದಲಾಯಿಸಿದ್ದು ನಿಲ್ಲಲಿಲ್ಲ ಅಂತ ನನಗನ್ನಿಸುತ್ತದೆ. ಆದರೆ ಸಂಗ್ರಹಿಸುವವರಿಗೆ ಇದು ಒಳ್ಳೆಯದೇ ಆಯಿತು. ಚಿನ್ನದ ಚಕ್ರದ ಬಾಲ ಇರುವ ಯಾವುದೇ ಕಾರ್ಡು, ಕವರು ಸಿಕ್ಕಿದರೆ ಬಿಡಬೇಡಿ, ಬಹಳ ಚಿಕ್ಕ ಅವಧಿಯದ್ದು.

ಈ ಚಕ್ರವನ್ನು ಇನ್ನೊಂದು ಚಕ್ರದ ಜೊತೆ ಬೆರೆಸಿಕೊಳ್ಳಬೇಡಿ. ಇಂಡಿಯನ್ ಏರ್‌ಲೈನ್ಸ್ 2005ರ ಡಿಸೆಂಬರಿನಲ್ಲಿ ತನ್ನ ಹೆಸರನ್ನು ಬರೀ "ಇಂಡಿಯನ್" ಅಂತ ಮಾಡಿಕೊಂಡು ಕೊನಾರ್ಕದ ಸೂರ್ಯ ದೇವಾಲಯದ ಚಕ್ರವನ್ನು ಲೋಗೋ ಮಾಡಿಕೊಂಡಿತು. ಅದಕ್ಕೆ ಆಯಸ್ಸು ಇದ್ದದ್ದು ಹೆಚ್ಚು ಕಮ್ಮಿ ಎರಡು ವರ್ಷ, 2007ರಲ್ಲಿ ಎರಡೂ ಕಂಪನಿ ಒಂದಾದವು. ಹೊಸ ಲೋಗೋ ಕೆಂಪು ಹಂಸ, ಅದರೊಳಗೆ ಕಿತ್ತಳೆ ಬಣ್ಣದ ಕೊನಾರ್ಕ ಚಕ್ರ. ಬಿಲ್ಲುಗಾರನನ್ನೇ ಹಾರುವ ಹಂಸವಾಗಿ ಮಾರ್ಪಡಿಸಿದ್ದೇವೆ, ಚಕ್ರ ಇಂಡಿಯನ್ನಿನ ನೆನಪಿಗೆ ಅಂತ ಆಗ ಹೇಳಿದರು. ಮದುವೆ ಕಾಗದದಲ್ಲಿ ಎರಡೂ ಕಡೆಯ ಹಿರಿಯರ ಹೆಸರು ಬಿಟ್ಟುಹೋಗಬಾರದು ಅಂತ ಹಾಕುತ್ತೇವಲ್ಲ, ಹಾಗೆ. ಎರಡು ಮನೆಯವರಿಗೂ ಗೌರವ ಸಿಕ್ಕಿತು, ನಿಜ. ಆದರೆ ಸಣ್ಣದಾಗಿ ಅಚ್ಚು ಹಾಕಿದರೆ ಆ ಚಕ್ರದ ಅರೆಕಾಲುಗಳು ಒಂದಕ್ಕೊಂದು ಅಂಟಿಕೊಂಡು ಕಿತ್ತಳೆ ಚುಕ್ಕಿಯಾಗಿ ಕಾಣುತ್ತವೆ. ನಿಮ್ಮ ಹತ್ತಿರ ಆ ಕಾಲದ ಬೋರ್ಡಿಂಗ್ ಪಾಸ್ ಇದ್ದರೆ ನೋಡಿ. ಬಿಲ್ಲುಗಾರನಿಗೆ ಆ ತೊಂದರೆ ಇರಲಿಲ್ಲ.

ಕಿಟಕಿಯ ಕೆಂಪು ಕಮಾನು ಮಾತ್ರ ಆಗಲೂ ಉಳಿಯಿತು. 2022ರ ಜನವರಿ 27ರಂದು ಏರ್ ಇಂಡಿಯಾ ಮತ್ತೆ ಟಾಟಾದವರ ಕೈಗೆ ಬಂತು. 2023ರ ಆಗಸ್ಟ್ 10ರಂದು ಹೊಸ ಲೋಗೋ ತೋರಿಸಿದರು, ಹೆಸರು ವಿಸ್ಟಾ. ಹಂಸ ಇಲ್ಲ, ಬಿಲ್ಲುಗಾರ ಇಲ್ಲ. ಬರೀ ಆ ಕಿಟಕಿಯ ಚಿನ್ನದ ಬಣ್ಣದ ಚೌಕಟ್ಟಿನ ತುದಿ. ಜೊತೆಗೆ ಕಡುಗೆಂಪು ಮತ್ತು ಬದನೆಕಾಯಿ ಬಣ್ಣ. ಬಹಳ ಜನ ಬೇಸರ ಮಾಡಿಕೊಂಡರು, ಹಳೆಯದನ್ನೆಲ್ಲ ತೆಗೆದರು ಅಂದರು. ನಾನು ಹಾಗೆ ನೋಡುವುದಿಲ್ಲ. ಜಂಬೋದ ಫೋಟೋ ಒಂದು ಕೈಯಲ್ಲಿ, ಹೊಸ ಲೋಗೋ ಇನ್ನೊಂದು ಕೈಯಲ್ಲಿ ಹಿಡಿದು ನೋಡಿ. ಅಂಚಿನ ಅಲಂಕಾರವಾಗಿದ್ದ ಕಮಾನು 52 ವರ್ಷಕ್ಕೆ ನಡುಮನೆಗೆ ಬಂದು ಕೂತಿದೆ, ಅಲ್ವಾ? ಈ ಲೋಗೋ ಇದ್ದ ವಸ್ತು ಯಾವ ಕಾಲದ್ದು ಅಂತ ಹುಡುಕುವ ಕೆಲಸವೇ ಇಲ್ಲ. ಆದರೂ ಈಗಿನ ಬೋರ್ಡಿಂಗ್ ಪಾಸೊಂದನ್ನು ಎತ್ತಿಡಿ, ಮೊಮ್ಮಕ್ಕಳು ಕೇಳುತ್ತಾರೆ.

ಒಂದು ಎಚ್ಚರಿಕೆ. ಲೋಗೋ ಬದಲಾದ ದಿನವೇ ಹಳೆಯದು ಹೋಗುವುದಿಲ್ಲ. ಗೋಡೌನಿನಲ್ಲಿ ಉಳಿದ ಲಕೋಟೆ, ಚಮಚ, ಕಂಬಳಿ ಮುಗಿಯುವ ತನಕ ನಡೆಯುತ್ತದೆ. ವಿಮಾನಕ್ಕೆ ಹೊಸ ಬಣ್ಣ ಬಳಿಯುವುದಕ್ಕೂ ವರ್ಷಗಟ್ಟಲೆ ಬೇಕು. ಅದಕ್ಕೇ ನಾನು ಯಾವ ವಸ್ತುವಿಗೂ ಒಂದೇ ವರ್ಷ ಬರೆಯುವುದಿಲ್ಲ, "ಇಂಥ ವರ್ಷಕ್ಕಿಂತ ಮುಂಚಿನದಲ್ಲ" ಅಂತ ಬರೆಯುತ್ತೇನೆ. ಹಳೆಯ ಗುರುತು ತಡವಾಗಿ ಬರಬಹುದು, ಹೊಸ ಗುರುತು ಮುಂಚೆ ಬರಲು ಸಾಧ್ಯವೇ ಇಲ್ಲ.

ನಕಲಿ ಹಿಡಿಯುವುದೂ ಇದೇ ಮಾತಿನಿಂದ. ಚೋರ್ ಬಜಾರಿನ ಮಟನ್ ಸ್ಟ್ರೀಟಿನ ಕಡೆ ಒಂದು ಅಂಗಡಿಯಲ್ಲಿ ನಾನು 1,800 ರೂಪಾಯಿ ಕೊಟ್ಟು ಒಂದು ತಗಡಿನ ಬೋರ್ಡ್ ತಂದೆ. ಮಹಾರಾಜನ ಚಿತ್ರ, "ಏರ್ ಇಂಡಿಯಾ ಇಂಟರ್‌ನ್ಯಾಷನಲ್" ಹೆಸರು, 1950ರ ದಶಕದ್ದು ಅಂದರು, ತುಕ್ಕು ಕೂಡ ಇತ್ತು. ಮನೆಗೆ ಬಂದು ಕೆಳಗಿನ ಸಾಲು ಓದಿದೆ: 400 021. ಇಂಟರ್‌ನ್ಯಾಷನಲ್ ಹೋದದ್ದು 1962ರಲ್ಲಿ, ಪಿನ್ ಕೋಡ್ ಬಂದದ್ದು 1972ರಲ್ಲಿ. ಎರಡೂ ಒಂದೇ ತಗಡಿನ ಮೇಲೆ ಇರಲು ಆಗುವುದಿಲ್ಲ. ವಾಪಸ್ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಅವತ್ತು ತುಂಬಾ ನೋವಾಯಿತು. ನೀವು ದುಡ್ಡು ಕೊಡುವ ಮೊದಲೇ ಹೆಸರು, ವಿಳಾಸ, ಚಿತ್ರ ಮೂರನ್ನೂ ಒಂದಕ್ಕೊಂದು ತಾಳೆ ನೋಡಿ. ಕಾಗದದ ವಸ್ತುವಾದರೆ ಭೂತಕನ್ನಡಿಯಲ್ಲಿ ಬಣ್ಣ ನೋಡಿ: ಹಳೆಯ ಆಫ್‌ಸೆಟ್ ಅಚ್ಚಿನ ಫೋಟೋದಲ್ಲಿ ಚುಕ್ಕಿಗಳು ಸಾಲಾಗಿ, ಹೂವಿನ ಹಾಗೆ ಜೋಡಿಸಿಕೊಂಡಿರುತ್ತವೆ, ಇವತ್ತಿನ ಮನೆ ಪ್ರಿಂಟರಿನಲ್ಲಿ ತೆಗೆದದ್ದು ಸಿಂಪಡಿಸಿದ ಹಾಗೆ ಚದುರಿರುತ್ತದೆ.

ತಾಳೆ ನೋಡಲು ತಾರೀಕು ಇರುವ ಜಾಹೀರಾತು ಬೇಕು. ಫೋರ್ಟಿನ ಟೌನ್ ಹಾಲಿನಲ್ಲಿರುವ ಏಷಿಯಾಟಿಕ್ ಸೊಸೈಟಿ ಗ್ರಂಥಾಲಯದಂಥ ಕಡೆ ಹಳೆಯ ಪತ್ರಿಕೆಗಳಿವೆ. ಅಷ್ಟು ದೂರ ಹೋಗಲಾಗದಿದ್ದರೆ ನಿಮ್ಮ ಕನ್ನಡ ಸಂಘದ ಕಪಾಟು ತೆಗೆಸಿ. ಹಳೆಯ ಸ್ಮರಣ ಸಂಚಿಕೆಗಳ ಕೊನೆಯ ಪುಟಗಳಲ್ಲಿ ಜಾಹೀರಾತು ಇರುತ್ತವೆ, ಮೊದಲ ಪುಟದಲ್ಲಿ ವರ್ಷ ಇರುತ್ತದೆ. ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಪುಟ ಹರಿಯದೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ನಿಮ್ಮ ವಸ್ತುವನ್ನು ಸೋಪು ಹಾಕಿ ತೊಳೆಯಬೇಡಿ, ಲ್ಯಾಮಿನೇಟ್ ಮಾಡಿಸಲೇ ಬೇಡಿ.

ಇನ್ನು ದೊಡ್ಡಮ್ಮನ ಚೀಲ. ಮೇಲೆ ಬಿಲ್ಲುಗಾರ ಇದ್ದಾನೆ, ಅಡ್ಡಗೆರೆ ಇದೆ, ಇಂಟರ್‌ನ್ಯಾಷನಲ್ ಇಲ್ಲ. 1962ಕ್ಕಿಂತ ಮುಂಚಿನದಲ್ಲ. ಇದನ್ನು ಹೇಗೆ ಹೇಳುವುದು ಅಂತ ಎರಡು ದಿನ ಸುಮ್ಮನಿದ್ದೆ. ಕೊನೆಗೆ ಕಾಫಿ ಕುಡಿಯುವಾಗ, "ದೊಡ್ಡಮ್ಮ, ಇದು ಮೊದಲ ಸಲದ್ದಲ್ಲ ಅಂತ ಕಾಣುತ್ತೆ" ಅಂದೆ. ಅವರು ಚೀಲ ತೊಡೆ ಮೇಲಿಟ್ಟುಕೊಂಡು, ಜಿಪ್ಪು ಎಳೆದು, ಒಳಗೆ ಕೈ ಹಾಕಿ ಸವರಿದರು. "ಹೌದು ಮಾರಾಯ, ಮೊದಲ ಸಲ ಹೋದದ್ದು ಹಡಗಿನಲ್ಲಿ ಅಲ್ವಾ! ಇದು ನಿನ್ನ ಅಕ್ಕ ಹುಟ್ಟಿದ ಮೇಲೆ ಹೋದಾಗಿಂದು. ಮಗುವನ್ನು ಎತ್ತಿಕೊಂಡು ಸಾಂತಾಕ್ರೂಜ್ ಏರ್‌ಪೋರ್ಟಿಗೆ ಹೋಗಿದ್ದೆ, ನಿನ್ನ ಅಪ್ಪನೂ ಇದ್ದ" ಅಂದರು.